ಎರಡು ಸಲ ರಕ್ಷಣೆಯಾದ ಸಾಹೇಬರು

ಆ ಸಂಜೆ ಹುಣಸೂರಿನ ಸಾಮಿಲ್ಲಿನ ಜಗುಲಿಯಲ್ಲಿ ನಾವು ನಾಲ್ವರಿದ್ದೆವು. ಬೆತ್ತದ ಕುರ್ಚಿಯಲ್ಲಿ ಮಿಲ್ಲಿನ ಯಜಮಾನರಾದ ಪಾರ್ಸಿ ಸಾಹೇಬರು. ಅವರೆದುರು, ಕೊಡೆಯನ್ನು ಎರಡು ಮೊಣಕಾಲಿನ ನಡುವೆ ನಿಲ್ಲಿಸಿಕೊಂಡು, ನಮ್ಮೂರ ಪಾದ್ರಿಗಳು. ಕೊಯ್ಯದೆ ಉಳಿದ ಹೊನ್ನೆಮರದ ದಿಮ್ಮಿಯೊಂದನ್ನು ಪೀಠ ಮಾಡಿಕೊಂಡು ಹೊಗೆಸೊಪ್ಪಿನ ವ್ಯಾಪಾರದ ಬಸಪ್ಪನವರು. ಮೆಟ್ಟಿಲ ಮೇಲೆ, ಮಿಡ್ಲ್ ಸ್ಕೂಲಿನ ಮೇಷ್ಟರಾದ ನಾನು. ಸಾಹೇಬರ ನಾಯಿಯನ್ನೂ ಸೇರಿಸಿದರೆ ಐವರು. ಸೇರಿಸಲೇಬೇಕು, ಏಕೆಂದರೆ ಸಾಹೇಬರು ಸೇರಿಸುತ್ತಿದ್ದರು.

ಪಾದ್ರಿಗಳು ಅಂದು ತಂದ ಸುದ್ದಿ ಚೆನ್ನಾಗಿರಲಿಲ್ಲ.

“ಬರುವ ತಿಂಗಳು ಮೈಸೂರಿನಿಂದ ನಮ್ಮ ಮಿಷನ್ನಿನ ದೊಡ್ಡಯ್ಯನವರು ಆಗಮಿಸುವರು,” ಎಂದರು. “ನನ್ನ ಸೇವೆಯ ಫಲವನ್ನು ವಿಚಾರಿಸುವರು.”

“ಫಲ ಅಂದ್ರೆ ಎಂಥದ್ದು?” ಬಸಪ್ಪನವರು ಕೇಳಿದರು.

“ಎಷ್ಟು ಆತ್ಮಗಳು ರಕ್ಷಣೆ ಹೊಂದಿದವು ಎಂಬುದು.”

“ಎಷ್ಟು ಒಂದವೆ?”

“ಒಂದೂ ಹೊಂದಿಲ್ಲ.”

ಹೀಗೆಂದು ಪಾದ್ರಿಗಳು ಕೊಡೆಯ ಹಿಡಿಯನ್ನೇ ನೋಡುತ್ತ ಕುಳಿತರು. ಊರಿನಲ್ಲಿದ್ದ ನಾಲ್ಕಾರು ಕ್ರೈಸ್ತ ಮನೆಗಳವರು ಬೇರೆ ಕಡೆಯಿಂದ ಬರುವಾಗಲೇ ಕ್ರೈಸ್ತರಾಗಿ ಬಂದವರು. ಇವರ ಕೈಯಿಂದ ಹೊಸದಾಗಿ ಯಾರೂ ದೀಕ್ಷಾಸ್ನಾನ ಮಾಡಿಸಿಕೊಂಡಿರಲಿಲ್ಲ. ಫಲ ಕಾಣದ ಕಡೆ ತೋಟಗಾರನನ್ನು ಬದಲಾಯಿಸುವುದು ಮಿಷನ್ನಿನ ಪದ್ಧತಿಯಂತೆ. ಬಳ್ಳಾರಿಯ ಕಡೆಗೆ ಕಳಿಸುತ್ತಾರೆಂದು ಅವರ ಕಿವಿಗೆ ಬಿದ್ದಿತ್ತು. ಬಳ್ಳಾರಿಯ ಬಿಸಿಲಿಗೆ ಹೆದರುವವರಲ್ಲ ಅವರು. ಆದರೆ ಅವರ ಹೆಂಡತಿಯ ಸಮಾಧಿ ಇಲ್ಲಿ ಪ್ರಾರ್ಥನಾಮಂದಿರದ ಹಿಂದೆ ಇತ್ತು. ದಿನವೂ ಸಂಜೆ ಅಲ್ಲಿನ ಕನಕಾಂಬರದ ಗಿಡಕ್ಕೆ ನೀರು ಹಾಕಿ, ಕೈ ತೊಳೆದುಕೊಂಡು, ಆಮೇಲೆ ನಮ್ಮ ಜಗುಲಿಗೆ ಬರುತ್ತಿದ್ದರು. ನಾವು ಯಾರೂ ಆ ಮಾತನ್ನು ಎತ್ತಲಿಲ್ಲ.

ಸಾಹೇಬರು ಮಾತ್ರ, “ಅದೆಂಗೆ ಕಳುಸ್ತಾರೋ ನೋಡವ ಬುಡಿ,” ಎಂದರು.

ಹೌದು, ಹಾಗೆಯೇ ಅಂದರು. ಮುಂಬಯಿಯಲ್ಲಿ ಹುಟ್ಟಿದ ಮನುಷ್ಯ. ಕೆಂಪು ಮೈಬಣ್ಣ, ಗಿಣಿಮೂಗು, ತಲೆಯ ಮೇಲೆ ಮಿರಿಮಿರಿ ಮಿಂಚುವ ಕರಿಯ ಟೊಪ್ಪಿಗೆ. ದೂರದಿಂದ ನೋಡಿದವರು ಯಾರೋ ದಿವಾನರಿರಬೇಕೆಂದು ಕೈಮುಗಿಯುತ್ತಿದ್ದರು. ಬಾಯಿ ತೆರೆದರೆ ಕಾಡಿನಿಂದ ದಿಮ್ಮಿ ಹೊತ್ತು ತರುವ ಗಾಡಿಯವರ ಕನ್ನಡ. ಕಲಿತದ್ದೇ ಅವರಿಂದ. ಅದಕ್ಕೆ ವಿರುದ್ಧವಾಗಿ ಪಾದ್ರಿಗಳು ಇಲ್ಲೇ ಮಿರ್ಲೆಯ ಕಡೆಯ ಒಕ್ಕಲು ಮನೆತನದವರು. ತಾತನ ಕಾಲದಲ್ಲಿ ಮತಾಂತರವಾದದ್ದು. ಅವರ ಮಾತೆಲ್ಲ ಅಚ್ಚಿನಲ್ಲಿ ಹಾಕಿಸಿ ತಂದಂತೆ. ಮಳೆ ಬಂದರೆ ಸಾಹೇಬರು “ಉಯ್ತಾ ಅದೆ ಕಣ್ರಪ್ಪೋ” ಎನ್ನುವರು, ಪಾದ್ರಿಗಳು “ವೃಷ್ಟಿಯಾಗುತ್ತಿದೆ” ಎನ್ನುವರು. ಇಬ್ಬರಲ್ಲಿ ಹೊರಗಿನವರು ಯಾರೆಂದು ಹೊಸಬರಿಗೆ ತಿಳಿಯುತ್ತಲೇ ಇರಲಿಲ್ಲ.

ಆ ಸಾಹೇಬರು ಮುಂಬಯಿಯಲ್ಲಿ ತಂಗಿಯ ಮನೆಯಲ್ಲಿ ತೀರಿಕೊಂಡರೆಂದು ಈಚೆಗೆ ತಿಳಿಯಿತು. ಅವರ ಜೀವನಚರಿತ್ರೆ ನನಗೆ ಗೊತ್ತಿಲ್ಲ. ಮದುವೆಯಾಗಿದ್ದರೋ, ಹುಣಸೂರಿಗೇ ಏಕೆ ಬಂದರೋ ಕೇಳಿದವನಲ್ಲ. ಐವತ್ತರ ದಶಕದ ಮೊದಲ ವರ್ಷಗಳಲ್ಲಿ, ಕನ್ನಡನಾಡು ಇನ್ನೂ ಒಂದಾಗುವ ಮುಂಚೆ, ಸಂಜೆಯ ಹೊತ್ತು ಅವರ ಜಗುಲಿಯಲ್ಲಿ ಕುಳಿತು ಕಂಡದ್ದು ಕೇಳಿದ್ದು ಇಷ್ಟು.

ಬೆಳಗ್ಗೆ ಸೂರ್ಯ ಮೂಡುವಾಗ ಅವರು ಮಿಲ್ಲಿನ ಅಂಗಳದಲ್ಲಿ ಪೂರ್ವಕ್ಕೆ ಮುಖಮಾಡಿ ನಿಲ್ಲುತ್ತಿದ್ದರು. ಒಳಗೆ ತೆಳ್ಳಗಿನ ಬಿಳಿಯ ಅಂಗಿ, ಅದರ ಮೇಲೆ ಸೊಂಟಕ್ಕೆ ಮೂರು ಸುತ್ತು ಬರುವ ಉಣ್ಣೆಯ ದಾರ. ಅದನ್ನು ಬಿಚ್ಚಿ, ಏನೋ ಮಂತ್ರ ಹೇಳುತ್ತ, ತುದಿಗಳನ್ನು ಗಾಳಿಯಲ್ಲಿ ಚಟಾರನೆ ಕೊಡವಿ, ಮತ್ತೆ ಕಟ್ಟಿಕೊಳ್ಳುವರು. ಬಸಪ್ಪನವರು ಅದಕ್ಕೆ ‘ಸೊಂಟದ ಜನಿವಾರ’ ಎಂದು ಹೆಸರಿಟ್ಟಿದ್ದರು. ಕೊಡವುವುದು ಸೈತಾನನನ್ನು ಓಡಿಸುವುದಕ್ಕೆ. ಮಿಲ್ಲಿನ ಆಳುಗಳು, “ನಮ್ ಬುದ್ಯೋರು ನೊಣ ಓಡುಸ್ತಾವ್ರೆ,” ಎನ್ನುತ್ತಿದ್ದರು. ಇದು ಸಾಹೇಬರ ಕಿವಿಗೆ ಬಿದ್ದಾಗ ಅವರಿಗೆ ಸಂತೋಷವೇ ಆಯಿತು. “ಅವನೂ ಅಂಗೇ ಕಣ್ರೋ. ಓಡ್ಸಿದಷ್ಟೂ ಬತ್ತಾನೆ,” ಎಂದರು.

ಅವರಿದ್ದ ಕಡೆ ಯಾರೂ ದೀಪವನ್ನು ಊದಿ ಆರಿಸುವಂತಿರಲಿಲ್ಲ. ಬಾಯ ಉಸಿರು ಬೆಂಕಿಗೆ ತಾಗಬಾರದು. ಬೀಡಿ ಸೇದುವ ಆಳುಗಳು ಬೇಲಿಯಾಚೆ ಹೋಗಬೇಕು. ಹೊಗೆಸೊಪ್ಪು ಮಾರಿಯೇ ಮನೆ ಕಟ್ಟಿಸಿದ್ದ ಬಸಪ್ಪನವರಿಗೆ ಇದು ತಮ್ಮ ವ್ಯಾಪಾರದ ಮೇಲೆಯೇ ಬಂದ ಬಾಣವೆನ್ನಿಸಿತು.

“ನಿಮ್ಮ ಮಿಲ್ಲಿನ ಎಂಜಿನ್ ಒಗೆ ಬುಡಾಕಿಲ್ವಾ ಸಾಹೇಬ್ರೇ?”

“ಅದು ಬೆಂಕಿ ಬುಡೋ ಒಗೆ. ಇದು ಬೆಂಕಿಗೆ ನೀವು ಕುಡ್ಸೋ ಎಂಜಲು. ಯತ್ವಾಸ ಇಲ್ವೇನ್ರೀ?”

ವರ್ಷಕ್ಕೊಮ್ಮೆ, ಅವರ ಹೊಸವರ್ಷದ ದಿನ, ಆ ಎಂಜಿನ್ನಿನ ಒಲೆಗೆ ಒಂದು ಗಂಧದ ಚಕ್ಕೆ ಹಾಕುತ್ತಿದ್ದರು. ನಮ್ಮ ಸೀಮೆಯಲ್ಲಿ ಗಂಧದ ಮರವೆಲ್ಲ ಸರ್ಕಾರದ್ದು. ಸಾಹೇಬರು ರಸೀದಿ ಪಡೆದು ಕೊಂಡ ಚಕ್ಕೆಯನ್ನೇ ಹಾಕುವರು. ಹಾಕುವ ಮುಂಚೆ ರಸೀದಿಯನ್ನು ಎಂಜಿನ್ನಿನ ಎದುರು ಹಿಡಿದು ತೋರಿಸುವರು. ಅಗ್ನಿಗೆ ಕಳ್ಳಮಾಲು ಎಂಬ ಅನುಮಾನ ಬರಬಾರದಲ್ಲ.

ಬಸಪ್ಪನವರು ಶಿವಪೂಜೆಯಿಲ್ಲದೆ ನೀರು ಮುಟ್ಟದವರು. ಒಂದು ದಿನ ಅವರು, “ಅಲ್ಲಾ, ನಿಮ್ಮ ದೇವ್ರೆಸ್ರೇನು?” ಎಂದು ಕೇಳಿದರು.

“ಅಹುರ ಮಜ್ದಾ. ನಿಮ್ಮ ‘ಅಸುರ’ ಅನ್ನೋ ಮಾತೇ ನಮ್ದರಲ್ಲಿ ‘ಅಹುರ’. ನಿಮ್ಮ ‘ದೇವ’ ಅನ್ನೋದು ನಮ್ಮಲ್ಲಿ ಕೆಟ್ಟ ದೆವ್ವ.”

ಬಸಪ್ಪನವರು ಲೆಕ್ಕ ಹಾಕಿದರು. “ಅಂದ್ರೆ ನಮ್ಮ ಪುರಾಣವ ತಲೆಕೆಳಗೆ ಇಡ್ಕೊಂಡು ಓದಿದ್ರೆ ನಿಮ್ದು ಬತ್ತದೆ.”

“ನೀವೇ ತಲೆಕೆಳಗೆ ಇಡ್ದಿರಬೌದು. ಮೈಸೂರು ಅನ್ನೋದು ಯಾರೆಸ್ರು? ಮಹಿಷಾಸುರಂದು. ನಾನು ಸರಿಯಾದ ಸೀಮೆಗೇ ಬಂದಿವ್ನಿ.”

ನಾನು ನಡುವೆ ಬಾಯಿ ಹಾಕಿ, ಅ-ಸು-ರ ಹೇಗೆ ಅ-ಹು-ರ ಆಯಿತು ಎಂದು ವಿಚಾರಿಸಿದೆ. ಸಾಹೇಬರು ಕೈ ಅಡ್ಡಡ್ಡ ಆಡಿಸಿದರು. “ನಮ್ಮೋರು ‘ಸ’ ಅನ್ನೋದ್ನ ‘ಹ’ ಅಂದ್ರು. ನಿಮ್ಮ ಉಣ್ಸೂರೋರು ಆ ‘ಹ’ನೂ ನುಂಗ್ಬುಟ್ರು. ನಮ್ಮೆರಡು ಜನದ ಕೈಗೆ ಸಿಕ್ಕಿದ್ರೆ ಆ ದೇವ್ರಿಗೆ ಎಸ್ರೇ ಉಳಿಯಾಕಿಲ್ಲ ಮೇಷ್ಟ್ರೇ.”

ಆದರೆ ಜಗುಲಿಯ ನಿಜವಾದ ಕುಸ್ತಿ ಸಾಹೇಬರಿಗೂ ಪಾದ್ರಿಗಳಿಗೂ. ಅದು ಯಾವಾಗಲೂ ಒಂದೇ ಪಟ್ಟಿನಲ್ಲಿ ಬಂದು ನಿಲ್ಲುತ್ತಿತ್ತು.

“ಮನುಷ್ಯನು ತನ್ನ ಸ್ವಂತ ಬಲದಿಂದ ರಕ್ಷಣೆ ಹೊಂದಲಾರನು,” ಎನ್ನುವರು ಪಾದ್ರಿಗಳು. “ಆದುದರಿಂದಲೇ ನಮ್ಮೆಲ್ಲರ ಪಾಪದ ಹೊರೆಯನ್ನು ಒಬ್ಬನು ತನ್ನ ಹೆಗಲ ಮೇಲೆ ಹೊತ್ತನು. ನಂಬಿದರೆ ಸಾಕು.”

“ನಮ್ಮಲ್ಲಿ ಒರೋ ಕೂಲಿ ಸಿಕ್ಕಾಕಿಲ್ಲ ಪಾದ್ರಿಗಳೇ. ಅವರವರ ದಿಮ್ಮಿ ಅವರವರೇ ಒರ್ಬೇಕು.”

ಸಾಹೇಬರ ಧರ್ಮದ ಪ್ರಕಾರ ಸತ್ತವನ ಜೀವ ಮೂರು ದಿನ ಹೆಣದ ತಲೆದೆಸೆಯಲ್ಲಿ ಕೂತಿರುತ್ತದಂತೆ. ನಾಲ್ಕನೆಯ ಬೆಳಗಿಗೆ ಒಂದು ಸೇತುವೆ. ಅಲ್ಲಿ ಆಲೋಚನೆ, ಮಾತು, ಕೆಲಸ ಮೂರನ್ನೂ ತೂಗುತ್ತಾರೆ. ಒಳ್ಳೆಯವನಿಗೆ ಅದು ನಮ್ಮ ಲಕ್ಷ್ಮಣತೀರ್ಥದ ಸೇತುವೆಗಿಂತ ಅಗಲ. ಎದುರು ಗಾಡಿ ಬಂದರೂ ಸರಿಯಬೇಕಾಗಿಲ್ಲ. ಕೆಟ್ಟವನು ಕಾಲಿಟ್ಟರೆ ಅದೇ ಸೇತುವೆ ಗರಗಸದ ಅಂಚಾಗಿ ಬಿಡುತ್ತದೆ. ಒಳ್ಳೆಯವನನ್ನು ಕರೆದೊಯ್ಯಲು ರೂಪವತಿಯೊಬ್ಬಳು ಬರುತ್ತಾಳೆ. ಕೆಟ್ಟವನ ಎದುರಿಗೆ ಕುರೂಪಿ.

ರೂಪವತಿಯ ಮಾತು ಬಂದಾಗ ಬಸಪ್ಪನವರು ದಿಮ್ಮಿಯಿಂದ ಸ್ವಲ್ಪ ಮುಂದಕ್ಕೆ ಜರುಗಿದರು. “ಯಾರಾಕೆ?”

“ನಿಮ್ಮದೇ ಮನಸ್ಸಾಕ್ಷಿ ಕಣ್ರೀ. ನೀವು ಬಾಳಿದಂಗೆ ಅದರ ಮುಖ.”

“ಅಂಗಾದ್ರೆ ನಂದು ನಮ್ಮತ್ತೆ ತರ ಇದ್ದಾತು,” ಎಂದು ಬಸಪ್ಪನವರು ಹಿಂದಕ್ಕೆ ಸರಿದು ಕುಳಿತರು.

ಈ ಉಪನ್ಯಾಸವನ್ನು ಬಾಗಿಲಲ್ಲಿ ನಿಂತು ಕೇಳಿದ ಮಿಲ್ಲಿನ ಮೇಸ್ತ್ರಿ ಒಂದು ದಿನ ಧೈರ್ಯ ಮಾಡಿ, “ಬುದ್ದೀ, ನಾನೂ ನಿಮ್ಮ ಜಾತಿಗೆ ಸೇರ್ಕೊಬೌದಾ?” ಎಂದ. ಸಾಹೇಬರ ಧರ್ಮದಲ್ಲಿ ಉಪವಾಸವಿಲ್ಲವೆಂದು ಅವನಿಗೆ ತಿಳಿದಿತ್ತು. ಅವನ ಹೆಂಡತಿಗೆ ವಾರದಲ್ಲಿ ನಾಲ್ಕು ಉಪವಾಸ, ಅವನಿಗೂ ಬಲವಂತ.

“ಆಗಾಕಿಲ್ಲ ಕಣ್ಲಾ. ಉಟ್ಟೋವಾಗ್ಲೇ ಬರ್ಬೇಕಿತ್ತು.”

“ಈಗ ಬಂದ್ರೆ?”

“ಬಾಗ್ಲೇ ಇಲ್ಲ ಕಣ್ಲಾ, ಎಲ್ಲಿಂದ ಬತ್ತೀಯೆ?”

ಪಾದ್ರಿಗಳು ಕೂಡಲೇ ಅವನ ಕಡೆ ತಿರುಗಿ, “ಸಹೋದರನೇ, ನಮ್ಮ ಬಾಗಿಲು ಸದಾ ತೆರೆದಿದೆ,” ಎಂದರು. ಮೇಸ್ತ್ರಿ, “ನಿಮ್ದರಲ್ಲಿ ಉಪಾಸ ಅದೆ ಅಲ್ವಾ ಸ್ವಾಮಿ,” ಎಂದು ಹೊರಟೇಹೋದ. ಬಸಪ್ಪನವರಿಗೆ ನಗು ತಡೆಯಲಾಗಲಿಲ್ಲ. ಒಂದು ಅಂಗಡಿಗೆ ಬಾಗಿಲು ತೆಗೆದಿದೆ, ಗಿರಾಕಿ ಇಲ್ಲ. ಇನ್ನೊಂದಕ್ಕೆ ಗಿರಾಕಿ ಬಂದ, ಬಾಗಿಲೇ ಇಲ್ಲ ಎಂದು ಊರೆಲ್ಲ ಹೇಳಿಕೊಂಡು ಬಂದರು.

ಇನ್ನು ನಾಯಿಯ ವಿಷಯ. ಅದರ ಕಣ್ಣುಗಳ ಮೇಲೆ ಎರಡು ಕಂದು ಚುಕ್ಕೆ. ನಮ್ಮ ಕಡೆ ನಾಲ್ಕು ಕಣ್ಣಿನ ನಾಯಿ ಎನ್ನುತ್ತಾರಲ್ಲ, ಆ ಜಾತಿ. ಪಾರ್ಸಿಗಳು ಸತ್ತರೆ ಇಂಥ ನಾಯಿಯೊಂದು ಬಂದು ನೋಡಬೇಕು. ಅದು ನೋಡಿದರೆ ಕೆಟ್ಟ ಶಕ್ತಿಗಳು ದೂರ. ಇದನ್ನು ತಿಳಿದ ಮೇಲೆ ನಮ್ಮೂರಿನ ಅಂಗಡಿ ಬೀದಿಯಲ್ಲಿ ಯಾರೂ ಆ ನಾಯಿಯ ಕಣ್ಣಿಗೆ ಕಣ್ಣು ಕೊಡುತ್ತಿರಲಿಲ್ಲ. ಅದು ಬಾಲ ಅಲ್ಲಾಡಿಸುತ್ತ ಬಂದರೆ, ಆರೋಗ್ಯವಾಗಿದ್ದ ಗಟ್ಟಿಮುಟ್ಟು ಜನ ಕೊಡೆ ಬಿಚ್ಚಿ ಮುಖ ಮರೆಮಾಡಿಕೊಳ್ಳುತ್ತಿದ್ದರು. ಅದು ಬಹಳ ಪ್ರೀತಿಯ ನಾಯಿ. ಈ ಅನ್ಯಾಯ ಅದಕ್ಕೆ ಕೊನೆಯವರೆಗೂ ಅರ್ಥವಾಗಲಿಲ್ಲ.

ಕೊಡೆ ಎಂದಾಗ ಆನೆಯ ಕತೆ ಹೇಳಬೇಕು. ವೀರನಹೊಸಹಳ್ಳಿಯ ಹತ್ತಿರ ಕಾಡಂಚಿನಲ್ಲಿ ದಿಮ್ಮಿ ನೋಡಲು ಸಾಹೇಬರು ಹೋದಾಗ, ಮರ ಕಡಿಯುವವರಿಗೆ ಜ್ವರದ ಮಾತ್ರೆ ಹಂಚಲು ಪಾದ್ರಿಗಳೂ ಜೊತೆಗೆ ಹೋಗಿದ್ದರು. ಜೀಪು ನಿಲ್ಲಿಸಿ ನಡೆಯುವಾಗ ಬಿದಿರ ಮೆಳೆಯಿಂದ ಒಂಟಿ ಸಲಗವೊಂದು ಬಂದು ದಾರಿಗೆ ಅಡ್ಡ ನಿಂತಿತು. ಓಡಲು ತಿರುಗಿದ ಸಾಹೇಬರ ಬೂಟು ಬೇರಿಗೆ ಸಿಕ್ಕಿ, ಅವರು ಟೊಪ್ಪಿಗೆಸಮೇತ ಮಕಾಡೆ. ಪಾದ್ರಿಗಳು ಓಡಲಿಲ್ಲ. ಬಿದ್ದವರ ಮುಂದೆ ನಿಂತು ಆನೆಯ ಮುಖಕ್ಕೆ ನೇರವಾಗಿ ಕರಿಯ ಕೊಡೆಯನ್ನು ಫಟ್ಟೆಂದು ಬಿಚ್ಚಿದರು. ಇಷ್ಟು ಸಣ್ಣ ಪ್ರಾಣಿ ಇಷ್ಟು ಬೇಗ ಇಷ್ಟು ದೊಡ್ಡದಾಗುವುದನ್ನು ಆ ಸಲಗ ಕಂಡಿರಲಿಲ್ಲವೆಂದು ಕಾಣುತ್ತದೆ. ತಿರುಗಿ ಹೊರಟುಹೋಯಿತು.

“ನಾನು ಆ ಕ್ಷಣ ಪ್ರಾರ್ಥಿಸಿದೆನು,” ಎಂದು ಪಾದ್ರಿಗಳು ಆಮೇಲೆ ಹೇಳಿದರು.

“ಪ್ರಾರ್ಥನೆಗೆ ತಿರುಗ್ತೋ ಕೊಡೆಗೆ ತಿರುಗ್ತೋ, ಆ ಆನೇನೇ ಕೇಳ್ಬೇಕು,” ಎಂದರು ಸಾಹೇಬರು. ಆದರೆ ಮೈಸೂರಿನಿಂದ ಪಾದ್ರಿಗಳಿಗೆ ಹೊಸ ಕೊಡೆ ತರಿಸಿಕೊಟ್ಟರು. ಮುಂದಿನ ಚಳಿಗಾಲದಲ್ಲಿ ಸಾಹೇಬರಿಗೆ ಚಳಿಜ್ವರ ಬಂದು ನಾಲಿಗೆ ಬಿದ್ದುಹೋದಂತಾದಾಗ, ಪಕ್ಕದಲ್ಲಿ ಕುಳಿತು ಕ್ವಿನೀನು ಕುಡಿಸಿ ಬದುಕಿಸಿದವರೂ ಪಾದ್ರಿಗಳೇ.

ಈಗ ಮೊದಲ ಸಂಜೆಗೆ ಬರೋಣ. ಪಾದ್ರಿಗಳು ಎದ್ದು ಹೋದ ಮೇಲೆ ನಾವು ಮೂವರೇ ಉಳಿದೆವು. ಬಸಪ್ಪನವರದು ಸುಮ್ಮನಿರುವ ತಲೆಯಲ್ಲ.

“ಮೇಷ್ಟ್ರೇ, ಆ ದೊಡ್ಡಯ್ಯ ಬಂದು ಜನರ್ನ ಏನಂತ ಕೇಳಾರು?”

“ನಮ್ಮ ಪಾದ್ರಿಗಳು ಕೇಳುವುದನ್ನೇ ಕೇಳಬಹುದು,” ಎಂದೆ. “ನಿಮಗೆ ರಕ್ಷಣೆಯಾಗಿದೆಯೋ?”

ಬಸಪ್ಪನವರು ತೊಡೆ ತಟ್ಟಿಕೊಂಡರು. ಅದರ ಗುಟ್ಟು ನಮ್ಮ ಜಗುಲಿಯವರಿಗೆ ಗೊತ್ತಿತ್ತು. ಪಾದ್ರಿಗಳು ಸಿಕ್ಕವರನ್ನೆಲ್ಲ ಈ ಪ್ರಶ್ನೆ ಕೇಳುತ್ತಿದ್ದರು. ನಮ್ಮ ಜನಕ್ಕೆ ರಕ್ಷಣೆಯೆಂದರೆ ಅಪಾಯದಿಂದ ಉಳಿಸುವುದು, ಅಷ್ಟೇ. ಪರಲೋಕದ ಮಾತೆಂದು ಯಾರಿಗೂ ಹೊಳೆಯುತ್ತಿರಲಿಲ್ಲ. ಮೇಸ್ತ್ರಿಯ ಎತ್ತು ಬಾವಿಗೆ ಬಿದ್ದಾಗ ಪಾದ್ರಿಗಳೇ ಪ್ರಾರ್ಥನಾಮಂದಿರದ ಗಂಟೆಯ ಹಗ್ಗ ಬಿಚ್ಚಿ ತಂದು ಎತ್ತಿಸಿದ್ದರು. ಮಿಲ್ಲಿನಲ್ಲಿ ಮರ ಕೊಯ್ಯುವವನೊಬ್ಬನ ಹೆಂಡತಿಗೆ ಹೆರಿಗೆ ಕಷ್ಟವಾದಾಗ ಸೈಕಲ್ಲಿನಲ್ಲಿ ಹೋಗಿ ನರ್ಸಮ್ಮನನ್ನು ಕರೆತಂದಿದ್ದರು. ಹಾಗಾಗಿ ರಕ್ಷಣೆಯಾಗಿದೆಯೋ ಎಂದರೆ, “ಆಗದೆ ಸ್ವಾಮಿ, ನಿಮ್ಮ ದಯದಿಂದ,” ಎಂದು ಎಲ್ಲರೂ ಕೈಮುಗಿಯುವರು. ಪಾದ್ರಿಗಳು ಮೊದಮೊದಲು ಅರ್ಥ ಬಿಡಿಸಿ ಹೇಳುತ್ತಿದ್ದರು. ಬರಬರುತ್ತ ನಿಟ್ಟುಸಿರು ಬಿಟ್ಟು ಸೈಕಲ್ ಹತ್ತುತ್ತಿದ್ದರು.

“ದೊಡ್ಡಯ್ಯನ್ನ ಮಿಲ್ಲಿಗೇ ಕರ್ಕೊಂಡು ಬರವ,” ಎಂದರು ಬಸಪ್ಪನವರು. “ಕೇಳ್ಕೊಳ್ಳಲಿ. ನಾವೇನು ಏಳ್ಕೊಡೋದು ಬ್ಯಾಡ.”

ಸಾಹೇಬರು ನಾಯಿಯ ಕಿವಿ ಸವರುತ್ತ ಯೋಚಿಸಿದರು. ಅವರ ಧರ್ಮದಲ್ಲಿ ಸುಳ್ಳಿಗಿಂತ ದೊಡ್ಡ ಪಾಪವಿಲ್ಲ. ಮರದಲ್ಲಿ ಬಿರುಕಿದ್ದರೆ ಕೊಳ್ಳಲು ಬಂದವನಿಗೆ ತಾವೇ ತೋರಿಸುವ ವ್ಯಾಪಾರಿ.

“ಯಾರೂ ಸುಳ್ಳು ಏಳ್ಕೂಡ್ದು. ಕೇಳಿದ್ದಕ್ಕೆ ನಿಜ ಏಳ್ಬೇಕು,” ಎಂದು ಕೊನೆಗೆ ಒಪ್ಪಿದರು.

ದೊಡ್ಡಯ್ಯನವರು ಬಂದರು. ಮಂಗಳೂರಿನ ಕಡೆಯವರು, ದುಂಡಗಿನ ಸೌಮ್ಯ ಮುಖ, ಬೆಳ್ಳಗಿನ ಉದ್ದನೆಯ ಅಂಗಿ. ನಮ್ಮ ಪಾದ್ರಿಗಳು ಊಟದ ಏರ್ಪಾಟಿಗೆಂದು ಮನೆಯಲ್ಲೇ ಉಳಿದಿದ್ದರು. ಅತಿಥಿಗಳಿಗೆ ಮಿಲ್ಲು ತೋರಿಸುವ ಭಾರ ನಮ್ಮ ಮೇಲೆ ಬಿತ್ತು. ಗರಗಸ ನಿಲ್ಲಿಸಿದರು. ಆಳುಗಳು ಸಾಲಾಗಿ ನಿಂತರು. ದೊಡ್ಡಯ್ಯನವರು ಮೊದಲು ಸಾಹೇಬರ ಕೈ ಹಿಡಿದುಕೊಂಡರು.

“ತಾವು ಪಾರ್ಸಿಗಳು ಅಲ್ಲವೋ? ನಮ್ಮ ಪಾದ್ರಿಗಳು ತಮ್ಮ ಸ್ನೇಹದ ಕುರಿತು ಬಹಳ ಬರೆಯುವುದುಂಟು. ಕೇಳಬಾರದು, ಆದರೂ ಕೇಳುತ್ತೇನೆ. ತಮಗೆ ರಕ್ಷಣೆಯಾಗಿದೆಯೋ?”

“ಆಗದೆ,” ಎಂದರು ಸಾಹೇಬರು. “ಎರಡು ಸಲ.”

“ಎರಡು ಸಲವೋ?”

“ಊಂ. ಈ ಪಾದ್ರಿಗಳಿಲ್ದಿದ್ರೆ ನಾನು ಎಂದೋ ಓಗ್ಬುಡ್ತಿದ್ದೆ.”

ದೊಡ್ಡಯ್ಯನವರ ಕಣ್ಣಲ್ಲಿ ನೀರಾಡಿತು. ತಿರುಗಿ, ಕೊಯ್ಯುವವನನ್ನು ಕೇಳಿದರು.

“ಆಗದೆ ಸ್ವಾಮಿ. ನನ್ನ ಎಂಡ್ರಿಗೂ ಆಗದೆ, ಮಗೀಗೂ ಆಗದೆ.”

“ದೇವರಿಗೆ ಸ್ತೋತ್ರ. ನಿಮಗೆ?”

“ನಂಗೂ ಆಗದೆ,” ಎಂದ ಮೇಸ್ತ್ರಿ, ಎದೆಯುಬ್ಬಿಸಿ. “ನಮ್ಮ ಎತ್ಗೂ ಆಗದೆ.”

ಬಸಪ್ಪನವರು ಮೇಲುವಸ್ತ್ರವನ್ನು ಬಾಯಿಗೆ ತುರುಕಿಕೊಂಡು ಎಂಜಿನ್ನಿನ ಹಿಂದಕ್ಕೆ ಹೋದರು. ಎಲ್ಲ ಮುಗಿಯಿತೆಂದು ನಾನು ನೆಲ ನೋಡಿದೆ. ದೊಡ್ಡಯ್ಯನವರು ಮಾತ್ರ ಮೇಸ್ತ್ರಿಯ ತಲೆಯ ಮೇಲೆ ಕೈಯಿಟ್ಟು, “ಮೂಕಪ್ರಾಣಿಯನ್ನೂ ಮರೆಯದ ವಿಶ್ವಾಸ. ನನ್ನ ಸೇವೆಯಲ್ಲಿ ಇಂಥದ್ದನ್ನು ಕಂಡದ್ದಿಲ್ಲ ಮಾರಾಯರೇ,” ಎಂದರು.

ಸಂಜೆ ಅತಿಥಿಗಳನ್ನು ಮೈಸೂರಿನ ಬಸ್ಸಿಗೆ ಹತ್ತಿಸಿ ಪಾದ್ರಿಗಳು ಜಗುಲಿಗೆ ಬಂದಾಗ ಅವರ ಮುಖ ದೀಪ ಹಚ್ಚಿದಂತಿತ್ತು.

“ದೊಡ್ಡಯ್ಯನವರು ನನ್ನನ್ನು ಅಪ್ಪಿಕೊಂಡರು. ನಿಮ್ಮ ಪ್ರಯಾಸ ವ್ಯರ್ಥವಾಗಲಿಲ್ಲ, ಹುಣಸೂರಿನಲ್ಲಿಯೇ ಇರಿ ಎಂದರು. ಏಕೆಂದು ನನಗೆ ತಿಳಿಯದು. ಊಟದಲ್ಲಿ ಅಂಥ ವಿಶೇಷವೇನೂ ಇರಲಿಲ್ಲ.”

ನಾವೆಲ್ಲ ನಾಯಿಯನ್ನು ನೋಡಿದೆವು. ಪಾದ್ರಿಗಳು ಹಾಡಿಕೊಳ್ಳುತ್ತ ಮನೆಗೆ ಹೋದರು. ಅವರು ಹಾಡುವುದನ್ನು ನಾನು ಕೇಳಿದ್ದು ಅದೇ ಮೊದಲು.

ಬಸಪ್ಪನವರು ಅಲ್ಲಿಯವರೆಗೆ ತಡೆದಿದ್ದ ನಗುವನ್ನೆಲ್ಲ ನಕ್ಕು ಮುಗಿಸಿದರು. ಸಾಹೇಬರು ನಗಲಿಲ್ಲ.

“ಮಾತು ನಿಜ,” ಎಂದರು. “ಕೆಲ್ಸನೂ ಒಳ್ಳೇದೇ. ಆಲೋಚ್ನೆ ಡೊಂಕು. ಆವಯ್ಯ ಏನ್ ತಿಳ್ಕೊಳ್ಳಲಿ ಅಂತ ನಾನು ಆ ಮಾತಾಡ್ದೆ?”

“ಮೂರರಲ್ಲಿ ಎರಡು ಬಂತಲ್ಲ, ಪಾಸು ಬುಡಿ ಸಾಹೇಬ್ರೇ. ಕೇಳಿ ಬೇಕಾದ್ರೆ ಮೇಷ್ಟ್ರನ್ನ.”

“ಸೇತ್ವೆನ ಮೂರರಲ್ಲಿ ಎರಡು ಪಾಲು ಕಟ್ಟವ್ರೆ ಅಂದ್ರೆ ದಾಟ್ತೀರಾ ಬಸಪ್ನೋರೇ?”

ಬಸಪ್ಪನವರು ಎದ್ದು ಸಾಹೇಬರ ಹತ್ತಿರಕ್ಕೆ ಬಂದರು. ತೀರ ಮೆತ್ತಗೆ, “ನೀವು ಓಗಿ ನಿಜ ಏಳಿದ್ರೆ ಆ ಮನುಷ್ಯ ಬಳ್ಳಾರಿಗೆ ಓಗ್ಬೇಕಾಯ್ತದೆ. ಎಂಡ್ರ ಬುಟ್ಟು,” ಎಂದರು.

“ಗೊತ್ತು,” ಎಂದರು ಸಾಹೇಬರು.

ಮಾರನೆಯ ಬೆಳಗ್ಗೆ ನಾನು ಸ್ಕೂಲಿಗೆ ಹೋಗುವಾಗ ಅವರು ಅಂಗಳದಲ್ಲಿ ಸೊಂಟದ ದಾರ ಬಿಚ್ಚಿ ಕಟ್ಟುತ್ತಿದ್ದರು. ಕಟ್ಟಿ ಮುಗಿಸಿದವರು ಮತ್ತೆ ಬಿಚ್ಚಿದರು. ದಾರದ ತುದಿಯನ್ನು ಅಷ್ಟು ಜೋರಾಗಿ ಕೊಡವಿದ್ದನ್ನು ನಾನು ಕಂ‍ಡಿರಲಿಲ್ಲ. ಆಮೇಲೆ ಟೊಪ್ಪಿಗೆ ಇಟ್ಟುಕೊಂಡು, ಜೀಪು ಹತ್ತಿ, ಮೈಸೂರಿನ ದಾರಿ ಹಿಡಿದರು.

ಹಿಂದಿರುಗಿದ್ದು ಸಂಜೆಗೆ. ಜಗುಲಿಯಲ್ಲಿ ಎಲ್ಲರೂ ಇದ್ದೆವು, ಪಾದ್ರಿಗಳೂ. ಸಾಹೇಬರು ಕುಳಿತುಕೊಳ್ಳದೆ, ಮಿಲ್ಲಿನಲ್ಲಿ ನಡೆದದ್ದು ಎತ್ತಿನವರೆಗೆ, ತಾವು ಈಗ ಮೈಸೂರಿಗೆ ಹೋಗಿ ನಿಜ ತಿಳಿಸಿ ಬಂದದ್ದು, ಎಲ್ಲವನ್ನೂ ಪಾದ್ರಿಗಳ ಮುಖ ನೋಡಿಯೇ ಹೇಳಿದರು. ಪಾದ್ರಿಗಳು ಕೊಡೆಯನ್ನು ಮೊಣಕಾಲಿನ ಮೇಲೆ ಅಡ್ಡ ಇಟ್ಟುಕೊಂಡರು.

“ದೊಡ್ಡಯ್ಯನವರು ಏನೆಂದರು?”

“ಮೊದ್ಲು ನಕ್ಕರು. ಆಮೇಲೆ ನಗ್ಲಿಲ್ಲ. ಎದ್ದೋಗಿ ಕಿಟ್ಕಿ ತಾವ ನಿಂತ್ಕಂಡ್ರು. ಸುಳ್ಳಲ್ದ ಸುಳ್ಳನ್ನೂ ಅರಗುಸ್ಕೊಳಾಕಾಗ್ದಿರೋ ಸ್ನೇಹಿತರ್ನ ಸಂಪಾದ್ಸಿದೋನ್ನ ಬಾಳ ದೂರ ಕಳುಸೋಕೆ ಮನಸ್ಸು ಬರದು, ಇಲ್ಲೇ ಬುಡೋದೂ ನ್ಯಾಯ ಅಲ್ಲ ಅಂದ್ರು. ಬಳ್ಳಾರಿ ಬ್ಯಾಡ, ಕೋಟೆಗೆ ಓಗ್ಲಿ ಅಂದ್ರು.”

ಕೋಟೆಯೆಂದರೆ ಹೆಗ್ಗಡದೇವನಕೋಟೆ. ಅಂದಿನ ಕಾಲಕ್ಕೆ ಮಲೇರಿಯಾ, ಆನೆ, ಕೆಟ್ಟ ರಸ್ತೆ ಮೂರೂ ಒಟ್ಟಿಗೆ ಸಿಗುತ್ತಿದ್ದ ಊರು. ಸರ್ಕಾರಿ ನೌಕರರು ವರ್ಗವಾದರೆ ಮನೆಯಲ್ಲಿ ಅಳು ಏಳುತ್ತಿತ್ತು.

ಪಾದ್ರಿಗಳು ತಲೆ ತಗ್ಗಿಸಿದರು. ಬಸಪ್ಪನವರು ಎರಡು ಸಲ ಕೆಮ್ಮಿದರು. ಆಮೇಲೆ ಪಾದ್ರಿಗಳ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆಂದು ನಾನು ಎದ್ದೆ. ನಗುತ್ತಿದ್ದರು.

“ಆ ಡೊಂಕು ಆಲೋಚನೆ ಯಾರದು ಸಾಹೇಬರೇ?”

“ನಂದೇ.”

“ಅದರಲ್ಲಿ ನನ್ನ ಪಾಲು ಏನಾದರೂ ಇತ್ತೋ?”

“ಏನೂ ಇಲ್ಲ.”

“ತಪ್ಪು ನಿಮ್ಮದು. ಕೋಟೆಗೆ ಹೋಗುವವನು ನಾನು. ನಿಮ್ಮ ದಿಮ್ಮಿ ಈಗ ಯಾರ ಹೆಗಲ ಮೇಲಿದೆ ನೋಡಿರಿ. ಇಷ್ಟು ವರ್ಷ ನಾನು ನಿಮಗೆ ತಿಳಿಸಲು ಪ್ರಯಾಸಪಟ್ಟದ್ದು ಇದನ್ನೇ.”

ಅಲ್ಲಿಯವರೆಗೆ ನಿಂತೇ ಇದ್ದ ಸಾಹೇಬರು ಬೆತ್ತದ ಕುರ್ಚಿಯಲ್ಲಿ ಕುಳಿತುಬಿಟ್ಟರು. ಪಾದ್ರಿಗಳು ಎದ್ದು, ಗೆದ್ದವರಂತೆ ಕೊಡೆ ಬೀಸುತ್ತ ನಡೆದರು. ಬೇಲಿ ದಾಟಿದ ಮೇಲೆ ನಡಿಗೆ ನಿಧಾನವಾಯಿತು. ಮನೆಯ ಕಡೆ ಹೋಗದೆ, ಪ್ರಾರ್ಥನಾಮಂದಿರದ ಹಿಂದಕ್ಕೆ ತಿರುಗಿದರು.

ಮಿಲ್ಲಿನ ಲಾರಿಯಲ್ಲೇ ಅವರ ಸಾಮಾನು ಕೋಟೆಗೆ ಹೋಯಿತು. ಕನಕಾಂಬರಕ್ಕೆ ನೀರು ಹಾಕುವ ಕೆಲಸ ಮೇಸ್ತ್ರಿಗೆ ಬಂತು. ಹೆಣವನ್ನು ಮಣ್ಣಿಗೆ ಹಾಕುವುದು ಭೂಮಿಗೆ ಮಾಡುವ ಅಪಚಾರವೆಂದು ನಂಬಿದ್ದ ಸಾಹೇಬರು, ಅವನು ನೀರು ಹಾಕಿ ಬರುವವರೆಗೂ ಬೇಲಿಯ ಹೊರಗೆ ಟೊಪ್ಪಿಗೆ ತೊಟ್ಟು ನಿಂತಿರುವುದನ್ನು ನಾನು ನೋಡಿದ್ದೇನೆ.

ಮಳೆಗಾಲ ಕಳೆಯಿತು. ಸಾಹೇಬರು ಕೋಟೆಯಲ್ಲಿ ಒಂದು ಶೆಡ್ಡು ಹಾಕಿಸಿದರೆಂದೂ, ಹಳೆಯ ಗರಗಸವೊಂದನ್ನು ಅಲ್ಲಿಗೆ ಸಾಗಿಸಿದರೆಂದೂ, ವಾರದ ಅರ್ಧ ಅಲ್ಲೇ ಇರುತ್ತಾರೆಂದೂ ಊರಲ್ಲಿ ಸುದ್ದಿಯಾಯಿತು. ಕೇಳಿದವರಿಗೆಲ್ಲ, “ಕೋಟೆ ಕಡೆ ಮರ ಚೆನ್ನಾಗದೆ ಕಣ್ರೀ,” ಎನ್ನುತ್ತಿದ್ದರು. ಅದನ್ನು ನೋಡಲೆಂದು ಒಂದು ಶನಿವಾರ ಬಸಪ್ಪನವರೂ ನಾನೂ ಬಸ್ಸು ಹಿಡಿದು ಹೋದೆವು. ಶೆಡ್ಡು ಮಿಷನ್ ಮನೆಯ ಪಕ್ಕದಲ್ಲೇ ಇತ್ತು. ಮುಂದೆ ಎರಡು ಕುರ್ಚಿ ಹಾಕಿಕೊಂಡು ಸಾಹೇಬರೂ ಪಾದ್ರಿಗಳೂ ವಾದಕ್ಕೆ ಕುಳಿತಿದ್ದರು. ನರಕ ನಿರಂತರವಾದುದೆಂದು ಪಾದ್ರಿಗಳು, ಕೊನೆಗೊಂದು ದಿನ ಅದನ್ನೂ ತೊಳೆದು ಬಳಿದು ಎಲ್ಲರನ್ನೂ ಮನೆಗೆ ಕಳಿಸುತ್ತಾರೆಂದು ಸಾಹೇಬರು. ಬಸಪ್ಪನವರು ಶೆಡ್ಡಿನೊಳಗೆ ಹೋಗಿ ಒಂದು ಸುತ್ತು ಬಂದರು. ಗರಗಸಕ್ಕೆ ತುಕ್ಕು ಹಿಡಿದಿತ್ತು. ನೆಲದ ಮೇಲೆ ಒಂದು ಹಿಡಿ ಮರದ ಹೊಟ್ಟೂ ಇರಲಿಲ್ಲ.

“ಮರ ಎಲ್ಲಿ ಸಾಹೇಬ್ರೇ?” ಎಂದು ಕೇಳಿದರು.

“ಬತ್ತದೆ, ಕೂತ್ಕಳಿ,” ಎಂದು ಸಾಹೇಬರು ಪಾದ್ರಿಗಳ ಕಡೆಗೆ ತಿರುಗಿದರು.